ಪೇಟೆಂಟ್ ಒಂದನ್ನೇ ನೋಡಿ ರ‍್ಯಾಂಚೋ ಯಾರದ್ದು ಅನ್ನಬೇಡಿ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡವರ ಟೈಟಲ್ ಪತ್ರಗಳಲ್ಲಿ ಎಷ್ಟೋ ಸಲ ‘ಇಂಥ ರ‍್ಯಾಂಚೋದ ಒಂದು ಭಾಗ’ ಅನ್ನೋ ಸಾಲು ಬರುತ್ತೆ. ರ‍್ಯಾಂಚೋ ಅಂದರೆ ಅಮೆರಿಕದವರು ಬರೋ ಮುಂಚೆ, ಬಹುಪಾಲು ಮೆಕ್ಸಿಕೋ ಆಳ್ವಿಕೆಯಲ್ಲಿ, ಸರ್ಕಾರ ಕೊಟ್ಟ ದೊಡ್ಡ ಜಮೀನು. ಕುತೂಹಲ ಇದ್ದವರು ಆ ಹೆಸರು ಹಿಡಿದು ಹುಡುಕ್ತಾರೆ, ಅಮೆರಿಕ ಸರ್ಕಾರದ ಪೇಟೆಂಟ್ ಕಂಡ ಕೂಡಲೇ ಮೂಲ ಮಾಲೀಕರು ಸಿಕ್ಕರು ಅಂತ ನಿಲ್ಲಿಸಿಬಿಡ್ತಾರೆ. ನನ್ನ ತಕರಾರು ಅಲ್ಲೇ. ಪೇಟೆಂಟ್ ಅನ್ನೋದು ವ್ಯಾಜ್ಯ ಮುಗಿದ ಮೇಲೆ ಗೆದ್ದವರ ಕೈಗೆ ಬಂದ ಹಕ್ಕುಪತ್ರ. ಮೂಲಪತ್ರ ಅಲ್ಲ.

ಲಾಸ್ ಆಲ್ಟೋಸ್ ಹಿಲ್ಸ್ ಈಗಿರುವ ಜಾಗದ ಲಾ ಪುರಿಸಿಮಾ ಕೊನ್ಸೆಪ್ಸಿಯೋನ್ ಅನ್ನೋ ರ‍್ಯಾಂಚೋ ತಗೊಳ್ಳಿ. 1871ರ ಪೇಟೆಂಟ್ ಹುವಾನಾ ಬ್ರಿಯೋನೆಸ್ ಹೆಸರಲ್ಲಿದೆ. ಆದರೆ 1840ರಲ್ಲಿ ಮೆಕ್ಸಿಕನ್ ಗವರ್ನರ್ ಆಲ್ವರಾಡೋ ಆ ಜಮೀನು ಕೊಟ್ಟಿದ್ದು ಸಾಂತಾ ಕ್ಲಾರಾ ಮಿಷನ್ನಿನ (ಕ್ರೈಸ್ತ ಪಾದ್ರಿಗಳ ನೆಲೆ) ಮೂಲನಿವಾಸಿ ಹೋಸೆ ಗೊರ್ಗೋನಿಯೋ ಕುಟುಂಬಕ್ಕೆ. ಆ ಕುಟುಂಬದಿಂದ ಹುವಾನಾ ಅದನ್ನ ಕೊಂಡದ್ದು 1844ರಲ್ಲಿ. ಪೇಟೆಂಟಿನ ಹೆಸರು ಒಂದನ್ನೇ ಬರೆದುಕೊಂಡರೆ ಗೊರ್ಗೋನಿಯೋ ಇದ್ದನೆಂಬುದೇ ಗೊತ್ತಾಗಲ್ಲ.

ಹಾಗಾಗಿ ಮೊದಲು ತೆಗೀಬೇಕಾದ್ದು ‘ಎಕ್ಸ್‌ಪೆದಿಯೆಂತೆ’, ಅಂದರೆ ಮೆಕ್ಸಿಕನ್ ಕಾಲದ ಕಡತ. 1824ರ ಕಾಯ್ದೆ ಮತ್ತು 1828ರ ನಿಯಮಗಳ ಪ್ರಕಾರ ಅದರಲ್ಲಿ ಅರ್ಜಿ, ‘ಡಿಸೇನ್ಯೋ’ ಅನ್ನೋ ಕೈನಕ್ಷೆ, ಜಾಗ ಖಾಲಿ ಇದೆಯಾ ಅಂತ ಸ್ಥಳೀಯ ಅಧಿಕಾರಿ ಕೊಟ್ಟ ವರದಿ, ಗವರ್ನರ್ ಆದೇಶ, ಹಕ್ಕುಪತ್ರದ ಕರಡು ಇವೆಲ್ಲ ಇರಬೇಕು. ಅಸಲು ಹಕ್ಕುಪತ್ರ ಅರ್ಜಿದಾರನ ಕೈಗೆ ಹೋಗ್ತಿತ್ತು, ಕರಡು ಕಡತದಲ್ಲೇ ಉಳೀತಿತ್ತು. ಎರಡೂ ತಾಳೆಯಾಗದಿದ್ದರೆ ಅಲ್ಲೇ ಅನುಮಾನ ಪಡಿ. ಆಮೇಲೆ ಪ್ರಾಂತೀಯ ಸಭೆಯ ಒಪ್ಪಿಗೆ, ಕೊನೆಗೆ ಸ್ವಾಧೀನ. ಇಬ್ಬರು ಸವಾರರು 50 ವಾರಾ (ಒಂದು ವಾರಾ ಅಂದರೆ ಗಜಕ್ಕಿಂತ ತುಸು ಕಡಿಮೆ) ಉದ್ದದ ಹಗ್ಗ ಹಿಡಿದು ಅಳೀತಿದ್ದರು. ಜಮೀನು ಪಡೆದವನು ಹುಲ್ಲು ಕಿತ್ತು, ಕಲ್ಲು ಎಸೆದು ‘ಇದು ನನ್ನದು’ ಅಂತ ತೋರಿಸ್ತಿದ್ದ. ತೊಗಲಿನ ಹಗ್ಗ ಇಬ್ಬನಿಗೆ ಹಿಗ್ಗುತ್ತೆ, ಬಿಸಿಲಿಗೆ ಕುಗ್ಗುತ್ತೆ. ವಿಸ್ತೀರ್ಣದ ಪಕ್ಕ ‘ಹೆಚ್ಚು ಕಡಿಮೆ’ ಅಂತ ಸುಮ್ಮನೆ ಬರೀತಿರಲಿಲ್ಲ.

ಅಳತೆಯಲ್ಲಿ ಎಡವೋರು ಬಹಳ. 5,000 ವಾರಾ ಸೇರಿದರೆ ಒಂದು ಲೆಗುವಾ. ವಾರಾಕ್ಕೆ 33 ಇಂಚು ಹಿಡಿದರೆ ಚದರ ಲೆಗುವಾ ಸುಮಾರು 4,340 ಎಕರೆ ಆಗುತ್ತೆ, ಅಮೆರಿಕನ್ ಸರ್ವೆಯವರು ಬಳಸಿದ ವಾರಾದಲ್ಲಿ ಸುಮಾರು 4,440. ಇಂಚಿನ ಅರ್ಧಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ನೂರು ಎಕರೆ! ಒಬ್ಬರಿಗೆ ಗರಿಷ್ಠ ಮಿತಿ 11 ಚದರ ಲೆಗುವಾ.

ಡಿಸೇನ್ಯೋ ನೋಡಿ ‘ಮಕ್ಕಳ ಚಿತ್ರ’ ಅಂತ ನಗೋರನ್ನ ಕಂಡರೆ ನನಗೆ ಕಿರಿಕಿರಿ. ಅದು ಬಣ್ಣದಲ್ಲಿ ಬರೆದ ಚಕ್ಕುಬಂದಿ. ಹಳ್ಳ, ಗುಡ್ಡ, ಓಕ್ ಮರ, ಪಕ್ಕದವನ ಮನೆ. ನೆರೆಹೊರೆಯವರು ಒಪ್ಪಿದರೆ ಸಾಕಿತ್ತು, ಆ ಕೆಲಸಕ್ಕೆ ಅದು ಸರಿಯಾಗೇ ಇತ್ತು. ಕೆಟ್ಟದ್ದು ಯಾವಾಗ ಅಂದರೆ, ಚಕ್ಕುಬಂದಿಯನ್ನು ಸರ್ವೆ ನಕ್ಷೆ ಅಂತ ಓದಲು ಹೊರಟಾಗ. 1851ರ ಅಮೆರಿಕದ ಕಾಯ್ದೆ ಬಂದು, ಪ್ರತಿಯೊಬ್ಬ ಹಕ್ಕುದಾರನೂ ಎರಡು ವರ್ಷದೊಳಗೆ ತಾನೇ ಭೂ ಆಯೋಗದ ಮುಂದೆ ದಾಖಲೆ ಇಟ್ಟು ಸಾಬೀತು ಮಾಡಬೇಕಾಯ್ತು. 813 ಅರ್ಜಿ ಬಂದವು. ಪೇಟೆಂಟ್ ಕೈಗೆ ಬರೋಕೆ ಸರಾಸರಿ 17 ವರ್ಷ. ಅಷ್ಟರಲ್ಲಿ ವಕೀಲರ ಫೀಸಿಗೆ, ಸಾಲದ ಬಡ್ಡಿಗೆ ಎಷ್ಟೋ ಜಮೀನು ಕೈಬದಲಾಗಿತ್ತು.

ಕಾಗದಗಳು ಮೂರು ಕಡೆ ಚದುರಿವೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಬೆಂಕಿಯಲ್ಲಿ ಮೆಕ್ಸಿಕನ್ ಆಡಳಿತದ ಬಹುಪಾಲು ಕಾಗದ ಸುಟ್ಟರೂ ಜಮೀನಿನ ಕಡತಗಳು ಉಳಿದವು, ಅವು ಸ್ಯಾಕ್ರಮೆಂಟೋದ ರಾಜ್ಯ ಪತ್ರಾಗಾರದಲ್ಲಿವೆ. ಕೋರ್ಟಿನ ಕೇಸ್ ಫೈಲುಗಳು ಬರ್ಕ್ಲಿಯ ಬ್ಯಾಂಕ್ರಾಫ್ಟ್ ಲೈಬ್ರರಿಯಲ್ಲಿವೆ. ಕ್ರಯಪತ್ರಗಳು, ನೆರೆಯವರ ಸಾಕ್ಷಿ ಹೇಳಿಕೆಗಳು ಸಿಗೋದು ಅಲ್ಲೇ. ಪೇಟೆಂಟ್ ಕೌಂಟಿ ರೆಕಾರ್ಡರ್ ಕಚೇರಿಯ ಪುಸ್ತಕದಲ್ಲಿ. ಆಯೋಗದ ನಂಬರೇ ಬೇರೆ, ಮೇಲ್ಮನವಿ ಹೋದ ಜಿಲ್ಲಾ ಕೋರ್ಟಿನ ನಂಬರೇ ಬೇರೆ. ಒಂದನ್ನ ಇನ್ನೊಂದು ಅಂದ್ಕೊಂಡರೆ ಯಾರದೋ ಫೈಲು ಮೇಜಿಗೆ ಬರುತ್ತೆ. ಇಂಗ್ಲಿಷ್ ಅನುವಾದ ಇದ್ದರೂ ಸ್ಪ್ಯಾನಿಷ್ ಪ್ರತಿ ತರಿಸಿ.

ಇನ್ನು ನಕಲಿ ದಾಖಲೆ. ಹೋಸೆ ಲಿಮಾಂತೂರ್ ಅನ್ನೋನು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಪಾಲೇ ತನ್ನದು ಅಂದ. ಆಯೋಗ 1856ರಲ್ಲಿ ಒಪ್ಪಿಯೂಬಿಟ್ಟಿತು. 1858ರಲ್ಲಿ ಜಿಲ್ಲಾ ಕೋರ್ಟಿನ ನ್ಯಾಯಾಧೀಶ ಹಾಫ್‌ಮನ್ ತಳ್ಳಿಹಾಕಿದರು, ಯಾಕಂದರೆ ಫೋಟೊ ತೆಗೆಸಿ ಹೋಲಿಸಿದಾಗ ಅವನ ಕಾಗದದ ಮುದ್ರೆ ಅಸಲಿಗೆ ಹೊಂದಲಿಲ್ಲ. ನೀವೂ ಛಾಪಾ ಕಾಗದದ ವರ್ಷ ನೋಡಿ. ಆದರೆ ಕಾಗದದ ಅಭಾವದಲ್ಲಿ ಹಳೇ ಹಾಳೆಗೇ ಹೊಸ ವರ್ಷ ಬರೆದು ಊರ್ಜಿತ ಮಾಡ್ತಿದ್ದರು. ಅದೊಂದರಿಂದಲೇ ಖೋಟಾ ಅಂತ ತೀರ್ಪು ಕೊಡಬೇಡಿ. 1846ರ ಜುಲೈ 7ರಂದು ಮೊಂಟೆರೇಯಲ್ಲಿ ಅಮೆರಿಕದ ಬಾವುಟ ಏರಿತು. ಅದರ ಹಿಂದಿನ ಕೆಲವೇ ವಾರಗಳ ತಾರೀಖು ಇದ್ದರೆ, ಆಮೇಲೆ ಬರೆದು ಹಿಂದಿನ ತಾರೀಖು ಹಾಕಿರಬಹುದು, ಕಡತವನ್ನ ಎರಡು ಸಲ ಓದಿ.

ಹೆಸರು ಹುಡುಕುವಾಗ ಹೆಂಗಸರನ್ನು ತವರಿನ ಹೆಸರಲ್ಲೇ ಮೊದಲು ನೋಡಿ. ಮದುವೆಯಾದರೂ ಅವರು ಅದನ್ನ ಬಿಡ್ತಿರಲಿಲ್ಲ, ಆದರೆ ಅಮೆರಿಕನ್ ಗುಮಾಸ್ತರು ಕೆಲವೊಮ್ಮೆ ಗಂಡನ ಹೆಸರಿಗೆ ಸೇರಿಸಿಬಿಡ್ತಿದ್ದರು. ಸ್ಪ್ಯಾನಿಷ್‌ನಲ್ಲಿ ವಿ ಮತ್ತು ಬಿ ಒಂದೇ ಥರ ಉಚ್ಚಾರ, ಹಾಗಾಗಿ ವಯೆಹೋ (Vallejo) ಅನ್ನೋ ಮನೆತನದ ಹೆಸರು ಸಿಗದಿದ್ದರೆ ಬಿ ಅಕ್ಷರದ ಕೆಳಗೂ ಒಮ್ಮೆ ನೋಡಿ.