ಅಸಡ್ಡೆ ಅನ್ನಬೇಡಿ, ದಯವಿಟ್ಟು

ಅಂಗ ಕಸಿ ಆದವರು ಮಾತ್ರೆ ತಪ್ಪಿಸೋದಕ್ಕೆ ಮರೆವು, ಅಸಡ್ಡೆ ಕಾರಣ ಎಂದು ಲೇಖನದಲ್ಲಿ ಬರೆದಿದ್ದೀರಿ. ಮರೆವು ಇದೆ, ಒಪ್ಪುತ್ತೇನೆ. ಅಸಡ್ಡೆ ಅನ್ನೋ ಮಾತು ಮಾತ್ರ ಮನಸ್ಸಿಗೆ ನೋವು ಕೊಟ್ಟಿತು.

ನನ್ನ ತಮ್ಮನಿಗೆ ಕಿಡ್ನಿ ಕಸಿ ಆಗಿದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ 12 ಗಂಟೆಗೊಮ್ಮೆ, ಅದೂ ದಿನಾ ಅದೇ ಹೊತ್ತಿಗೆ. ರಕ್ತ ಪರೀಕ್ಷೆಯ ದಿನ ಮಾತ್ರ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ವರದಿ ನೋಡಿ ಡಾಕ್ಟರ್ ಡೋಸ್ ಬದಲಿಸುತ್ತಾರೆ. ಮನೆಯಲ್ಲಿ ಹಳೆ ಚೀಟಿ, ಹೊಸ ಚೀಟಿ ಎರಡೂ ಇರುತ್ತವೆ, ಈಗಿನದು ಯಾವುದು ಅಂತ ಗೊಂದಲ. ಅದೇ ಔಷಧಿಯಿಂದ ಅವನ ಕೈ ನಡುಗುತ್ತದೆ. ಹಾಳೆಯಿಂದ ಒತ್ತಿ ತೆಗೆಯುವಾಗ ಕ್ಯಾಪ್ಸೂಲ್ ಜಾರಿ ಮಂಚದ ಕೆಳಗೆ ಉರುಳಿದ್ದನ್ನು ಎಷ್ಟು ಸಲ ನೋಡಿದ್ದೇನೋ. ಸ್ಟೀರಾಯ್ಡ್‌ನಿಂದ ಮುಖ ಊದಿಕೊಂಡಾಗ ಕನ್ನಡಿ ನೋಡೋದನ್ನೇ ಬಿಟ್ಟಿದ್ದ.

ತಲೆನೋವಿನ ಮಾತ್ರೆ ಬಿಟ್ಟರೆ ನೋವೇ ನೆನಪಿಸುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಎರಡು ಡೋಸ್ ತಪ್ಪಿದರೂ ಮೈಗೆ ಏನೂ ಗೊತ್ತಾಗದೇ ಇರಬಹುದು. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ಏರುವಷ್ಟರಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ. 1954ರಲ್ಲಿ ಯಶಸ್ವಿಯಾದ ಮೊದಲ ಕಿಡ್ನಿ ಕಸಿ ತದ್ರೂಪಿ ಅವಳಿಗಳ ನಡುವೆ ನಡೆದದ್ದು, ದೇಹ ಅದನ್ನು ಬೇರೆಯವರದು ಅಂತ ತಿರಸ್ಕರಿಸಲಿಲ್ಲ, ಹಾಗಾಗಿ ಇಂಥ ಮಾತ್ರೆಗಳೇ ಬೇಕಾಗಲಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಕಿಡ್ನಿ ಇರುವವರೆಗೂ ಇದು ತಪ್ಪಿದ್ದಲ್ಲ.

ಒಮ್ಮೆ ಡೋಸ್ ತಪ್ಪಿದ್ದನ್ನು ಬೈಗುಳಕ್ಕೆ ಹೆದರಿ ನನ್ನ ತಮ್ಮ ಡಾಕ್ಟರಿಗೆ ಹೇಳಲೇ ಇಲ್ಲ. ರಕ್ತದಲ್ಲಿ ಔಷಧಿಯ ಮಟ್ಟ ಕಡಿಮೆ ಬಂತು. ಅವರು ಡೋಸ್ ಜಾಸ್ತಿ ಮಾಡಿದರು. ಕೈ ನಡುಕ ಇನ್ನೂ ಹೆಚ್ಚಾಯಿತು.