ಹಂಗಿನ ಆಟ

ಶಿರಸಿ ಕಡೆಯ ಮಳೆಗಾಲದ ಸಂಜೆ ಬಹಳ ಉದ್ದ. ಈ ಬಾರಿ ಆ ಸಂಜೆಗಳನ್ನೆಲ್ಲ ‘ಸ್ಟಾರ್ ವಾರ್ಸ್ ಔಟ್‌ಲಾಸ್’ ಆಡುತ್ತ ಕಳೆದೆ. ಸ್ವೀಡನ್ನಿನ ಮಾಸಿವ್ ಎಂಟರ್‌ಟೈನ್‌ಮೆಂಟ್ ಕಟ್ಟಿದ, 2024ರ ಆಗಸ್ಟ್‌ನಲ್ಲಿ ಯೂಬಿಸಾಫ್ಟ್ ಹೊರತಂದ, ‘ಸ್ಟಾರ್ ವಾರ್ಸ್’ ಸಿನಿಮಾಗಳ ಲೋಕದಲ್ಲಿ ನಡೆಯುವ ವಿಡಿಯೊ ಗೇಮ್ ಇದು. ಬಂದ ಹೊಸದರಲ್ಲಿ ಬೈದವರು ಬಹಳ, ಮಾರಾಟವೂ ಕಂಪನಿ ಎಣಿಸಿದಷ್ಟು ಆಗಲಿಲ್ಲ. ನನಗೆ ಮಾತ್ರ ಇದು ತುಂಬ ಹಿಡಿಸಿತು.

ನಾಯಕಿ ಕೇ ವೆಸ್ ಒಬ್ಬ ಕಳ್ಳಿ. ಆ ಸಿನಿಮಾಗಳ ವೀರರಂತೆ ಅವಳಿಗೆ ಬೆಳಕಿನ ಕತ್ತಿಯಿಲ್ಲ, ದೈವದತ್ತ ಶಕ್ತಿಯಿಲ್ಲ, ಹೇಳಿಕೊಳ್ಳುವಂಥ ವಂಶವೂ ಇಲ್ಲ. ಒಂದು ದೊಡ್ಡ ಕಳವಿಗೆ ಕೈಹಾಕಿ ತಲೆಯ ಮೇಲೆ ಬೆಲೆ ಕಟ್ಟಿಸಿಕೊಂಡವಳು. ಜೊತೆಗಿರುವುದು ನಿಕ್ಸ್ ಎಂಬ ಪುಟ್ಟ ಪ್ರಾಣಿ. ಪೈಕ್, ಕ್ರಿಮ್ಸನ್ ಡಾನ್, ಹಟ್, ಅಶಿಗಾ ಎಂಬ ನಾಲ್ಕು ಕಳ್ಳಕೂಟಗಳ ನಡುವೆ ಅವಳು ಬದುಕಬೇಕು. ಒಬ್ಬರ ಕೆಲಸ ಮಾಡಿಕೊಟ್ಟರೆ ಇನ್ನೊಬ್ಬರಿಗೆ ಸಿಟ್ಟು. ಒಳ್ಳೆಯ ಹೆಸರಿದ್ದರೆ ಅವರ ಕೇರಿಯಲ್ಲಿ ತಲೆಯೆತ್ತಿ ನಡೆಯಬಹುದು, ಅಂಗಡಿಯಲ್ಲಿ ಸಾಮಾನು ಅಗ್ಗಕ್ಕೆ ಸಿಗುತ್ತದೆ. ಹೆಸರು ಕೆಟ್ಟರೆ ಅದೇ ಕೇರಿಯಲ್ಲಿ ಬಂದೂಕು ಎದುರಾಗುತ್ತದೆ.

ಇದಕ್ಕೆ ನಮ್ಮಲ್ಲಿ ಹಂಗು ಎನ್ನುತ್ತಾರೆ. ಮಳೆ ಹೊಳವಾದ ಎರಡು ದಿನದೊಳಗೆ ಅಡಿಕೆ ತೋಟಕ್ಕೆ ಮದ್ದು ಹೊಡೆಸಬೇಕು, ಊರಿಗೆಲ್ಲ ಮರ ಹತ್ತುವ ಕೊನೆಗೌಡ ಒಬ್ಬನೇ. ಅವನು ಯಾರ ತೋಟಕ್ಕೆ ಮೊದಲು ಹೋದ ಎಂಬುದರ ಮೇಲೆ ವರ್ಷವಿಡೀ ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ. ಸಣ್ಣ ಊರಿನಲ್ಲಿ ಎಲ್ಲರಿಗೂ ಬೇಕಾದವನಾಗಿ, ಯಾರ ಆಳೂ ಆಗದೆ ಇರುವುದು ಎಷ್ಟು ಕಷ್ಟ ಎಂದು ಗೊತ್ತಿರುವವರಿಗೆ ಕೇಯ ಪಾಡು ಬೇಗ ಅರ್ಥವಾಗುತ್ತದೆ. ಪೈಕ್‌ಗಳಿಗೆ ತಲುಪಿಸಬೇಕಾದ ಮಾಲನ್ನು ಒಮ್ಮೆ ಕ್ರಿಮ್ಸನ್ ಡಾನ್‌ಗೆ ಕೊಟ್ಟುಬಿಟ್ಟೆ. ಆಮೇಲೆ ಎಷ್ಟೋ ಹೊತ್ತು ಪೈಕ್‌ಗಳ ಕೇರಿಯನ್ನು ತಪ್ಪಿಸಿ ಸುತ್ತು ಹಾಕಿ ಓಡಾಡಿದೆ. ಭಯಕ್ಕಿಂತ ಹೆಚ್ಚಾಗಿ ಮುಜುಗರ ಕಾಡಿತು. ಬೇರೆ ಯಾವ ಆಟದಲ್ಲೂ ನನಗೆ ಹಾಗಾಗಿರಲಿಲ್ಲ.

ಇದರೊಳಗೆ ಕೆಸೆಲ್ ಸಬಾಕ್ ಎಂಬ ಇಸ್ಪೀಟಿನಂಥ ಆಟವಿದೆ. ಕೈಯಲ್ಲಿ ಎರಡೇ ಎಲೆ, ಒಂದು ‘ಮರಳು’ ಎಂಬ ಕಟ್ಟಿನದು, ಒಂದು ‘ರಕ್ತ’ ಎಂಬ ಕಟ್ಟಿನದು. ಎರಡರ ಸಂಖ್ಯೆಯೂ ಒಂದೇ ಆಗಬೇಕು, ಇಲ್ಲವೇ ಆದಷ್ಟು ಹತ್ತಿರವಿರಬೇಕು. ಜೋಡಿಗಳಲ್ಲಿ ಸಣ್ಣ ಸಂಖ್ಯೆಯದೇ ಮೇಲು. ಹೊಸ ಎಲೆ ಎತ್ತಿದರೆ ಒಂದು ಚಿಪ್, ಅಂದರೆ ಪಣದ ಬಿಲ್ಲೆ, ಖರ್ಚು. ಸೋತರೆ ಎರಡು ಎಲೆಗಳ ನಡುವಿನ ಅಂತರದಷ್ಟು ದಂಡ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಬಂದ ಚಿಕ್ಕಪ್ಪ ಪಕ್ಕದಲ್ಲಿ ಕುಳಿತು ಎರಡು ಸುತ್ತು ಸುಮ್ಮನೆ ನೋಡಿದ. ಮದುವೆಮನೆಯ ಹಿಂದಿನ ರಾತ್ರಿಗಳಲ್ಲಿ ಬೆಳಗಿನವರೆಗೆ ಇಸ್ಪೀಟು ಆಡಿದ ಕಣ್ಣು ಅದು. ನನ್ನ ಕೈಯಲ್ಲಿ ಐದು ಮತ್ತು ನಾಲ್ಕು ಇದ್ದವು. ಇನ್ನೊಂದು ಎಲೆ ಎತ್ತಲು ಹೊರಟೆ.

“ತಮಾ, ನಿಲ್ಲು. ಒಂದರ ಅಂತರಕ್ಕೆ ದುಡ್ಡು ಸುರಿಯಬೇಡ. ಎದುರಿನವನು ಎರಡು ಸಲ ಎತ್ತಿ ಎರಡು ಸಲವೂ ಬಿಟ್ಟ. ಅವನ ಹತ್ತಿರ ಏನೂ ಇಲ್ಲ.”

ನಿಂತೆ. ಗೆದ್ದೆ.

ಮುಂದಿನ ಆಟದಲ್ಲಿ ನಿಕ್ಸ್‌ನನ್ನು ಕಳುಹಿಸಿ ಎದುರಾಳಿಯ ಎಲೆ ಇಣುಕಿಸಿದೆ. ಆಟವೇ ಅದಕ್ಕೆ ಅವಕಾಶ ಕೊಡುತ್ತದೆ, ಕೇ ಹೇಗೂ ಕಳ್ಳಿ. ಚಿಕ್ಕಪ್ಪ ಮಾತ್ರ ಎದ್ದು ನಿಂತ. “ಅವನ ಎಲೆ ನೋಡಿ ಆಡುವುದಾದರೆ ನನಗೇನು ಕೆಲಸ ಇಲ್ಲಿ?” ಅಂದಿನಿಂದ ಸಬಾಕ್‌ನಲ್ಲಿ ನಾನು ನಿಕ್ಸ್‌ನನ್ನು ಕಳುಹಿಸಿಲ್ಲ.

ಕೊರತೆಗಳಿವೆ. ಬಂಡೆ ಹತ್ತುವ ಕೆಲಸ ಬೇಸರ ತರುವಷ್ಟು ಬರುತ್ತದೆ, ಆಕಾಶದ ಕಾಳಗ ತೆಳುವಾಗಿದೆ. ಮೊದಲು ಕೆಲವು ಕಡೆ ಕಾವಲುಗಾರನ ಕಣ್ಣಿಗೆ ಬಿದ್ದರೆ ಕೆಲಸವೇ ಕೆಟ್ಟುಹೋಗುತ್ತಿತ್ತು. 2024ರ ನವೆಂಬರ್‌ನ ತಿದ್ದುಪಡಿಯಲ್ಲಿ ಅದನ್ನು ಬಹುಮಟ್ಟಿಗೆ ತೆಗೆದರು. ಆಗ ಕೋಪದಿಂದ ಬಿಟ್ಟವರು ಈಗ ಮತ್ತೊಮ್ಮೆ ಆಡಿ ನೋಡಬೇಕು.

ಆಡುವವರು ಬೀದಿಬದಿಯ ತಿಂಡಿ ಅಂಗಡಿಗಳನ್ನು ದಾಟಿ ಓಡಬೇಡಿ. ಕೇ ಮತ್ತು ನಿಕ್ಸ್ ಒಟ್ಟಿಗೆ ಕುಳಿತು ಹಂಚಿಕೊಂಡು ತಿನ್ನುತ್ತಾರೆ. ನಾಲ್ಕು ಕೂಟಗಳ ಲೆಕ್ಕದ ನಡುವೆ ಅವಳು ಯಾರ ಹಂಗೂ ಇಲ್ಲದೆ ಕುಳಿತುಕೊಳ್ಳುವುದು ಅಲ್ಲಿ ಮಾತ್ರ. ನನ್ನ ಆಯಿ ಈ ಆಟದಲ್ಲಿ ನೋಡುವುದೂ ಅದೊಂದನ್ನೇ. ಅಡುಗೆಮನೆಯಿಂದಲೇ ಕೇಳುತ್ತಾಳೆ: “ಆ ಮರಿಗೆ ಇವತ್ತು ಏನಾದರೂ ತಿನ್ನಿಸಿದೆಯಾ?”