ಆ ಕುಕ್ಕರ್‌ಗೆ ಈಗಲೇ ಕೂಗಬೇಕಿತ್ತಾ?

ಅಜ್ಜಿಯ ಹಳೇ ಕಥೆಗಳನ್ನು ರೆಕಾರ್ಡ್ ಮಾಡೋಣ ಅಂತ ಕೂತರೆ, ಸರಸ್ವತಿಪುರಂನ ನಮ್ಮ ಬೀದಿಗೆ ಆಗಲೇ ಜೀವ ಬರುತ್ತದೆ. ಫ್ಯಾನಿನ ಗುಂಯ್ ಪರವಾಗಿಲ್ಲ, ಒಂದೇ ಸಮ ಇರುತ್ತದೆ. ಮಾತಿಲ್ಲದ ಎರಡು ಸೆಕೆಂಡ್ ಆರಿಸಿ ಅಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ಗೆ ತೋರಿಸಿದರೆ, ಉಳಿದ ಕಡೆಯೂ ಅದನ್ನು ತಗ್ಗಿಸುತ್ತದೆ. ಆದರೆ "ಸೊಪ್ಪೋ ಸೊಪ್ಪು" ಯಾವಾಗ ಬರುತ್ತದೆ ಅಂತ ಅದಕ್ಕೇನು ಗೊತ್ತು? ಅದೂ ಮನುಷ್ಯರ ದನಿಯೇ ಅಲ್ವಾ, ಅಜ್ಜಿಯ ಮಾತಿನ ಮೇಲೇ ಬಂದು ಕೂರುತ್ತದೆ. ಜಾಸ್ತಿ ಉಜ್ಜಿದರೆ ಅಜ್ಜಿ ಬಿಂದಿಗೆಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ನಿನ್ನೆ ಕಿಟಕಿ ಮುಚ್ಚಿ, ಕಂಬಳಿ ಇಳಿಬಿಟ್ಟು, ಮೈಕನ್ನು ಅಜ್ಜಿಯ ಬಾಯಿಗೆ ಒಂದು ಗೇಣು ಹತ್ತಿರ ತಂದೆ. ಕಥೆಯಲ್ಲಿ ದಸರಾ ಆನೆ ಬರುವ ಹೊತ್ತಿಗೆ ಸರಿಯಾಗಿ ನಮ್ಮದೇ ಕುಕ್ಕರ್ ಕೂಗಿತು. ಅಜ್ಜಿ ಮಾತು ನಿಲ್ಲಿಸಿ, "ಅದು ಎಷ್ಟನೇ ವಿಷಲ್ಲೋ?" ಅಂದರು.